ರದ್ದಾದ ಕಾಡಿನ ಆಂಟಿ

ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿಗೆ ನಾವು ಶಿಫ್ಟ್ ಆದ ಹೊಸದರಲ್ಲಿ, ಒಂದು ಸಂಜೆ ಮೇಲ್‌ಬಾಕ್ಸ್ ಹತ್ತಿರ ನಿಂತು ಮೈಸೂರಿನಲ್ಲಿರೋ ಅಮ್ಮನ ಜೊತೆ ಫೋನಿನಲ್ಲಿ ಜಗಳ ಆಡ್ತಿದ್ದೆ. ಯಾವುದಕ್ಕೆ ಅಂತ ಈಗ ನೆನಪಿಲ್ಲ. ನಮ್ಮಮ್ಮನ ಜೊತೆ ಜಗಳಕ್ಕೆ ವಿಷಯ ಬೇಕು ಅಂತಾನೂ ಇಲ್ಲ. ಫೋನ್ ಇಟ್ಟು ತಿರುಗಿದರೆ ಹಿಂದೆ ಒಬ್ಬರು ನಿಂತಿದ್ದಾರೆ. ಬಿಳಿ ಕೂದಲು, ಇಳಕಲ್ ಸೀರೆ, ಕಾಲಲ್ಲಿ ದಪ್ಪನೆಯ ಸ್ಪೋರ್ಟ್ಸ್ ಶೂ. ಜಗಳ ಮುಗಿಯಲಿ ಅಂತ ಕಾಯ್ತಿದ್ದರಂತೆ.

"ಎಲ್ಲಿ ಇರ್ತೀ ತಂಗಿ?" ಅಂದರು.

"ಇಲ್ಲೇ ಆಂಟಿ, ಎರಡನೇ ಮಹಡಿ."

"ಅದಕ್ಕೂ ಮೊದಲ?"

"ಪ್ಲೇನೋದಲ್ಲಿದ್ವಿ."

"ಅದಕ್ಕೂ ಮೊದಲ?"

ಬೆಂಗಳೂರು ಅಂದೆ. ಅದಕ್ಕೂ ಮೊದಲು ಮೈಸೂರು, ಅಗ್ರಹಾರ ಅಂದೆ. ಅದಕ್ಕೂ ಮೊದಲು ಅಂದಾಗ ನಮ್ಮ ಮುತ್ತಾತ ಮಳವಳ್ಳಿ ಕಡೆಯಿಂದ ಬಂದವರಂತೆ ಅಂದುಬಿಟ್ಟೆ. "ಅಂತೆ ಬ್ಯಾಡ. ಗೊತ್ತಿದ್ದಷ್ಟ ಹೇಳು" ಅಂದು, ಅವರ ಪೋಸ್ಟ್ ತೆಗೆದುಕೊಂಡು ಹೊರಟೇ ಹೋದರು. ನನ್ನ ಹೆಸರು ಕೇಳಲಿಲ್ಲ, ಗಂಡ ಏನು ಮಾಡ್ತಾರೆ ಅಂತ ಕೇಳಲಿಲ್ಲ. ಇದೆಂಥ ಹೆಂಗಸು ಅಂದುಕೊಂಡು ಮೇಲೆ ಬಂದೆ. ಮಾರನೇ ದಿನ ಬಾಗಿಲು ತಟ್ಟಿ ಗುರೆಳ್ಳು ಚಟ್ನಿಪುಡಿ ಕೊಟ್ಟುಹೋದರು.

ಆಂಟಿ ಹೋದ ತಿಂಗಳು ಆಸ್ಟಿನ್‌ನಲ್ಲಿ ತೀರಿಕೊಂಡರು. ಸುದ್ದಿ ಗೊತ್ತಾದವರೆಲ್ಲ ಫೋನ್ ಮಾಡಿ, "ಅಯ್ಯೋ, ಫಾರೆಸ್ಟ್ ಆಂಟಿ ಹೋದ್ರಂತೆ" ಅಂದರು. ಈ ಡಲ್ಲಾಸ್ ಸೀಮೆಯ ಕನ್ನಡದವರ ಬಾಯಲ್ಲಿ ಅವರಿಗೆ ಅದೇ ಹೆಸರು. ಅರ್ಧ ಪ್ರೀತಿ, ಅರ್ಧ ಗೇಲಿ. ಯಾವ ಮನೆಯ ಪೂಜೆಗೆ ಕರೆದರೂ ಊಟ ಮುಗಿಯೋದರೊಳಗೆ ಅವರ ಕಾಡು ಬರ್ತಿತ್ತು. ಕೆಲವರು ತಾಂಬೂಲ ತೊಗೊಂಡು ಮೆಲ್ಲಗೆ ಜಾಗ ಖಾಲಿ ಮಾಡ್ತಿದ್ದರು. ನಾನೂ ಒಂದೆರಡು ಸಲ ಹಾಗೆ ಎದ್ದವಳೇ. ಆದರೆ ನನಗೆ ಅವರು ಕೆಳಮನೆಯವರು, ಎಲ್ಲಿಗೆ ಅಂತ ತಪ್ಪಿಸಿಕೊಳ್ಳೋದು?

ಆ ಕಾಡಿನ ವಿಷಯ ಹೇಳಬೇಕಾದರೆ ಅವರ ಕೆಲಸದ ವಿಷಯ ಹೇಳಬೇಕು. ಅವರು ಧಾರವಾಡದವರು. ಮದುವೆಯಾಗಿ ಹ್ಯೂಸ್ಟನ್‌ಗೆ ಬಂದು, ಅಲ್ಲಿ ಒಂದು ಟೈಟಲ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ರಿಟೈರ್ ಆದವರು. ನಮ್ಮಲ್ಲಿ ಸೈಟ್ ತೊಗೊಳ್ಳೋ ಮುಂಚೆ ಲಾಯರ್ ಹತ್ತಿರ ಮೂಲಪತ್ರ ತೋರಿಸ್ತೀವಲ್ಲ, ಅದೇ ಕೆಲಸ. ಈಗ ಮಾರ್ತಿರೋನು ಯಾರು, ಅವನಿಗೆ ಮಾರಿದ್ದು ಯಾರು, ಅವನಿಗೆ ಯಾರು. ಹೀಗೆ ಒಂದೊಂದೇ ಕೊಂಡಿ ಹಿಡಿದು ಹಿಂದಕ್ಕೆ ಹೋಗ್ತಾ ಇರಬೇಕು. ನಡುವೆ ಒಂದು ಕೊಂಡಿ ಕಾಣದೆ ಹೋದರೆ ಮನೆ ಮಾರಾಟ ನಿಂತುಹೋಗುತ್ತೆ. ಜೀವನವಿಡೀ ಇದನ್ನೇ ಮಾಡಿ ಅವರ ತಲೆ ಹಿಂದಕ್ಕೆ ಓಡೋದಕ್ಕೆ ಒಗ್ಗಿಹೋಗಿತ್ತು. ಯಾವ ಕಥೆಯನ್ನೂ ಅವರು ಮೊದಲಿಂದ ಹೇಳಿದ್ದು ನಾನು ಕೇಳಿಲ್ಲ. ಮದುವೆ ಕಥೆ ಹೇಳಿದರೆ ಮೊದಲು ವಿಮಾನ ಹತ್ತಿದ್ದು, ಆಮೇಲೆ ಧಾರೆ, ಆಮೇಲೆ ಹೆಣ್ಣು ನೋಡೋಕೆ ಬಂದಿದ್ದು, ಕೊನೆಗೆ ಅವರು ಕಾಲೇಜಿಗೆ ಸೈಕಲ್ ತುಳೀತಾ ಹೋಗ್ತಿದ್ದದ್ದು. ಅಡುಗೆ ಹೇಳಿಕೊಟ್ಟರೂ ಅಷ್ಟೆ. "ಮ್ಯಾಲೆ ಕೊತಂಬರಿ ಉದುರಿಸು. ಅದಕ್ಕೂ ಮೊದಲ ಒಗ್ಗರಣಿ. ಅದಕ್ಕೂ ಮೊದಲ..." ನಾನು ಸ್ಟವ್ ಮುಂದೆ ನಿಂತು ತಲೆ ಚಚ್ಚಿಕೊಳ್ತಿದ್ದೆ.

ಹ್ಯೂಸ್ಟನ್‌ನಲ್ಲಿ ಇನ್ನೂ ಕೆಲಸದಲ್ಲಿದ್ದಾಗ ಅವರ ಟೇಬಲ್ಲಿಗೆ ಒಂದು ಜಮೀನು ಬಂತು. ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗೋವಾಗ ವೇಕೋ ದಾಟಿ ಎಷ್ಟೋ ದೂರ ಹೋದಮೇಲೆ, ಹೈವೇ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಸಿಗೋ ಒಣ ಗುಡ್ಡ. ಎಂದಿನ ಹಾಗೆ ಹಿಂದಕ್ಕೆ ಹೊರಟರು. ಅದನ್ನು ಹೇಳೋವಾಗ ಅವರ ದನಿ ಹೇಗಿರ್ತಿತ್ತು ಅಂತ ನನಗೆ ಈಗಲೂ ಕಿವಿಯಲ್ಲಿದೆ.

"ಈಗ ದನಾ ಮೇಯಿಸೋ ಒಬ್ಬ ಮುದುಕಂದು. ಅದಕ್ಕೂ ಮೊದಲ ಅವರಪ್ಪಂದು. ಅದಕ್ಕೂ ಮೊದಲ ಮಿಲಿಟರಿಯವರದು, ಗುಂಡು ಹೊಡೀಲಿಕ್ಕೆ ಕಲಿಸ್ತಿದ್ರು. ಅದಕ್ಕೂ ಮೊದಲ..." ಇಲ್ಲಿ ನಿಲ್ಲಿಸಿ ಒಂದು ಗುಟುಕು ನೀರು ಕುಡೀತಿದ್ದರು. "ಕಾಡು."

ಬರೀ ಕಾಡಲ್ಲ, ನ್ಯಾಷನಲ್ ಫಾರೆಸ್ಟ್. ಮೊದಲ ಮಹಾಯುದ್ಧದ ಹೊತ್ತಿಗೆ ಮಿಲಿಟರಿಯವರು ಅಲ್ಲಿನ ರೈತರಿಂದ ಜಾಗ ತೊಗೊಂಡಿದ್ದರು. ಯುದ್ಧ ಮುಗೀತು, ಅವರಿಗೆ ಜಾಗ ಬೇಡವಾಯ್ತು. ಆಗ ಯಾರಿಗೋ ಏನೋ ಒಳ್ಳೇ ಬುದ್ಧಿ ಬಂದು, ಇದು ಇನ್ನುಮೇಲೆ ರಾಷ್ಟ್ರದ ಕಾಡು ಅಂತ ಆರ್ಡರ್ ಆಯ್ತು. ಒಂದು ಮುಂಜಾನೆ ಸುತ್ತಿ ಬರಬಹುದಾದಷ್ಟು ಪುಟ್ಟ ಕಾಡು. ಒಬ್ಬ ಫಾರೆಸ್ಟರ್ ಬಂದ. ತಗಡಿನ ಚಾವಣಿಯ ಒಂದು ಗುಡಿಸಲು ಕಟ್ಟಿಕೊಂಡ, ಸಸಿ ಬೆಳೆಸಿದ, ನೆಟ್ಟ. ಬೆಂಕಿ ಬೀಳದ ಹಾಗೆ ಕಾದ. ಹೀಗೆ ಕೈಬೆರಳಲ್ಲಿ ಎಣಿಸೋಷ್ಟು ವರ್ಷ. ಆಮೇಲೆ ಇನ್ನೊಂದು ಆರ್ಡರ್ ಬಂತು, ಕಾಡು ರದ್ದು. ಮಿಲಿಟರಿಯವರು ವಾಪಸ್ ಬಂದರು, ಮುಂದೆ ಎರಡನೇ ಯುದ್ಧ ಬಂದಾಗ ಕ್ಯಾಂಪ್ ಹಾಕಬೇಕು ಅಂತ ಇದ್ದ ಮರಾನೆಲ್ಲ ಕಡಿದು ಹಾಕಿದರು. ಆ ಯುದ್ಧವೂ ಮುಗಿದ ಮೇಲೆ ಜಾಗ ಆ ಮುದುಕನ ಅಪ್ಪನ ಕೈಗೆ ಹೋಯಿತು. ಅಲ್ಲಿಗೆ ಮುಗೀತು ಕಥೆ. ಅಮೆರಿಕದ ಕಾಡುಗಳ ಹೆಸರು ಓದೋರು ಯಾರೂ ಇದರ ಹೆಸರು ಓದೋದಿಲ್ಲ.

ನೋಡಿ, ಇದನ್ನ ನಾನು ಮೊದಲಿಂದ ಕೊನೆಗೆ ಹೇಳಿಬಿಟ್ಟೆ. ಅವರು ಕೇಳಿದ್ದರೆ ಸಿಟ್ಟಾಗ್ತಿದ್ದರು.

ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ಹಚ್ಚಿಕೊಂಡಿದ್ದಾರೆ ಅಂತ ನನಗೆ ಬಹಳ ದಿನ ಅರ್ಥ ಆಗಲಿಲ್ಲ. ರಜೆ ಬಂದಾಗಲೆಲ್ಲ ಕಾರು ಹಾಕಿಕೊಂಡು ಅಲ್ಲಿಗೆ ಹೋಗಿ, ಆ ಮುದುಕನ ಜೊತೆ ಸ್ನೇಹ ಮಾಡಿಕೊಂಡು, ಅವನ ಬೇಲಿಯೊಳಗೆ ಓಡಾಡಿ ಬರ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ತಂಗಿಯ ಮಗಳಿಗೆ ಹತ್ತಿರ ಇರಲಿ ಅಂತ ಲೂಯಿಸ್‌ವಿಲ್‌ಗೆ ಬಂದರು. ಕಣ್ಣಿನ ಆಪರೇಷನ್ ಆಗಿ ಡ್ರೈವ್ ಮಾಡೋದು ಬಿಟ್ಟರು. ಆಮೇಲೆ ಆ ಡ್ಯೂಟಿ ನನ್ನ ತಲೆಗೆ ಬಂತು. ಮೊದಲ ಸಲ ಹೋದಾಗ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಎಲ್ಲಾ ಕಟ್ಟಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಫೋನಿನಲ್ಲಿ ದಾರಿ ಹೇಳೋ ಹೆಂಗಸಿನ ಜೊತೆ ಅವರದ್ದು ವಾದ. "ಆಕೀಗೇನ್ ಗೊತ್ತದ, ಆಕಿ ಇಲ್ಲಿ ಇಳಿದು ನೋಡ್ಯಾಳೇನು?" ಅಂತ. ಹೋಗಿ ನೋಡಿದರೆ ಏನಿದೆ ಅಲ್ಲಿ? ಸುಣ್ಣದಂಥ ಬಿಳಿ ನೆಲ, ಪಾಪಾಸುಕಳ್ಳಿ, ಒಂದಷ್ಟು ಮುಳ್ಳುಗಿಡ, ನಮ್ಮನ್ನೇ ನೋಡ್ತಾ ನಿಂತ ಹಸುಗಳು. ನಾನು ನೇರವಾಗಿಯೇ ಕೇಳಿದೆ.

"ಆಂಟಿ, ಕಾಡೆಲ್ಲಿ?"

"ಇದ ನೋಡು" ಅಂದರು, ಕೈಯಿಂದ ಗಾಳಿಯನ್ನು ತೋರಿಸಿ. "ಇಲ್ಲಿ ಗುಡಿಸಲಾ. ಅಲ್ಲಿ ತಗ್ಗಿನ್ಯಾಗ ಸಸಿ."

"ಅದು ರದ್ದಾಯ್ತಲ್ಲ."

"ರದ್ದು ಅಂದ್ರ ಇನ್ನ ಮುಂದ ಇಲ್ಲ ಅಂತ ತಂಗಿ. ಮೊದಲೂ ಇದ್ದಿದ್ದಿಲ್ಲ ಅಂತಲ್ಲ." ಇದನ್ನು ಅವರು ಎಷ್ಟು ಗಟ್ಟಿಯಾಗಿ ಹೇಳಿದರು ಅಂದರೆ ನಾನು ಸುಮ್ಮನೆ ರೊಟ್ಟಿ ತಿಂದೆ.

ಅಲೆನ್‌ನಲ್ಲಿ ಒಬ್ಬರ ಗೃಹಪ್ರವೇಶ ಇತ್ತು. ಹೊಸದಾಗಿ ಬೆಂಗಳೂರಿಂದ ಬಂದಿದ್ದ ಒಬ್ಬಳು ಹುಡುಗಿ, ಪಾಪ, ಗೊತ್ತಿಲ್ಲದೆ ಕೇಳಿದಳು, "ಆಂಟಿ, ನಿಮಗೆಷ್ಟು ಮಕ್ಕಳು?"

"ಒಬ್ಬಾಕಿ ಇದ್ದಳು" ಅಂದರು ಆಂಟಿ. ಆರಾಮಾಗಿಯೇ ಅಂದರು. ಮುಂದೆ ಯಾರಾದರೂ ಏನಾದರೂ ಕೇಳಲಿ ಅನ್ನೋ ಹಾಗೆ ಮುಖ ಮುಂದೆ ಮಾಡಿ ಕೂತರು. ಆದರೆ ಆ ಹುಡುಗಿ ಕೆಂಪಾಗಿ, "ಸಾರಿ ಆಂಟಿ" ಅಂದಳು. ಪಕ್ಕದಲ್ಲಿದ್ದವರು ತಕ್ಷಣ ಬಿಸಿಬೇಳೆ ಬಾತಿನ ವಿಷಯ ತೆಗೆದರು. ನಾನೂ ಬಾತು ಚೆನ್ನಾಗಿದೆ ಅಂದೆ. ನಾವೆಲ್ಲ ಒಳ್ಳೆಯವರೇ, ಯಾರಿಗೂ ನೋಯಿಸಬಾರದು ಅಂತಾನೇ ಹಾಗೆ ಮಾಡೋದು.

ವಾಪಸ್ ಬರೋವಾಗ ಕಾರಿನಲ್ಲಿ ಅವರೇ ಹೇಳಿದರು. ಮಗಳು ಹುಟ್ಟಿದ್ದು ಹ್ಯೂಸ್ಟನ್‌ನಲ್ಲಿ. ಸ್ಕೂಲಿಗೆ ಸೇರಿಸಿದ ಮೇಲೆ ರಕ್ತದ ಕಾಯಿಲೆ ಬಂತು, ಉಳಿಯಲಿಲ್ಲ. ಅವರ ಯಜಮಾನರಿಗೆ ಅದನ್ನು ತಡೆದುಕೊಳ್ಳೋ ಶಕ್ತಿ ಇರಲಿಲ್ಲ. ಆಂಟಿ ಅವರಮ್ಮನ ಜೊತೆ ಇದ್ದು ಬರೋಕೆ ಧಾರವಾಡಕ್ಕೆ ಹೋದಾಗ, ಯಜಮಾನರು ಮಗಳ ಫ್ರಾಕು, ಪುಸ್ತಕ, ಗೊಂಬೆ, ಗೋಡೆಯ ಮೇಲಿದ್ದ ಫೋಟೋ ಎಲ್ಲಾನೂ ಮನೆಯಿಂದ ಸಾಗಿಸಿಬಿಟ್ಟರು. ಕೊಟ್ಟಿದ್ದೇನು, ಸುಟ್ಟಿದ್ದೇನು ಅಂತ ಕೊನೆಯವರೆಗೂ ಹೇಳಲಿಲ್ಲವಂತೆ. ಆ ಮನೆಯಲ್ಲಿ ಮುಂದೆ ಯಾವತ್ತೂ ಆ ಮಗುವಿನ ಹೆಸರು ಬರಲಿಲ್ಲ.

"ಸಿಟ್ಟು ಬರಲಿಲ್ವಾ ಆಂಟಿ ಅವರ ಮೇಲೆ?" ಅಂದೆ.

"ಬಂದಿತ್ತು. ಅವರೂ ಅಳ್ತಿದ್ರು ತಂಗಿ, ಬಾತ್‌ರೂಮಿನ್ಯಾಗ ನೀರ ಬಿಟ್ಕೊಂಡು. ಅಳೋ ಮನಿಷ್ಯಾನ ಮ್ಯಾಲೆ ಎಷ್ಟಂತ ಸಿಟ್ಟು ಮಾಡೂದು?" ಅಂದರು. ಆಮೇಲೆ, "ಮಂದಿ ನನಗ ಮಕ್ಕಳಿಲ್ಲ ಅಂತಾರಲ್ಲ, ಅದು ಸುಳ್ಳು. ಆಕಿ ಇದ್ದಳು. ಭಾಳ ಚಂದ ಇದ್ದಳು" ಅಂದರು.

ಅವತ್ತಿಂದ ಅವರು ಕಾಡಿನ ಮಾತು ತೆಗೆದರೆ ನಾನು ಎದ್ದು ಹೋಗಲಿಲ್ಲ.

ಇದರಿಂದ ಅವರೇನೋ ಸದಾ ಕಣ್ಣೀರು ಹಾಕ್ತಿದ್ದರು ಅಂದುಕೊಳ್ಳಬೇಡಿ. ಅವರಷ್ಟು ಜೋರಾಗಿ ನಗೋ ಹೆಂಗಸನ್ನು ನಾನು ಈ ಊರಲ್ಲಿ ನೋಡಿಲ್ಲ. ಒಂದು ದಸರಾ ಹೊತ್ತಿಗೆ ಅವರು ಒಂದು ಪ್ಲಾನ್ ಹಾಕಿದರು. ಉತ್ತರ ಕರ್ನಾಟಕದವರಿಗೆ ದಸರಾದಲ್ಲಿ ಬನ್ನಿ ಎಲೆ ಆಗಲೇಬೇಕು. ದೊಡ್ಡವರ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು, ಮಾತು ಬಿಟ್ಟವರು ಕೂಡ ಅವತ್ತು ಬನ್ನಿ ಕೊಟ್ಟು ಮಾತಾಡಬೇಕು. ಇಲ್ಲಿ ಬನ್ನಿ ಎಲ್ಲಿ ಸಿಗಬೇಕು? ಚಿನ್ನದ ಬಣ್ಣದ ಕಾಗದ ಕತ್ತರಿಸಿ ಹಂಚಿಕೊಳ್ತಿದ್ದರು. ಆಂಟಿ, "ನನ್ನ ಕಾಡಿನ್ಯಾಗ ಬನ್ನಿ ಕುಲದ ಗಿಡ ಅದ ಬರ್ರಿ" ಅಂತ ಎರಡು ಕಾರು ತುಂಬ ಜನಾನ ಹೊರಡಿಸಿದರು. ಅದರಲ್ಲಿ ಯೂಲೆಸ್‌ನ ಒಬ್ಬರು ಅಂಕಲ್ ಇದ್ದರು. ಹುಬ್ಬಳ್ಳಿಯವರು, ಇಲ್ಲಿ ಮೋಟೆಲ್ ನಡೆಸ್ತಾರೆ, ಸಂಪ್ರದಾಯದಲ್ಲಿ ಬಹಳ ಕಟ್ಟುನಿಟ್ಟು. ಅಲ್ಲಿ ಇಳಿದು ಆ ಗಿಡ ನೋಡಿ ಅವರು ಮುಖ ಸಿಂಡರಿಸಿದರು. ಇಲ್ಲಿಯವರು ಅದಕ್ಕೆ ಮಿಸ್ಕೀಟ್ ಅಂತಾರೆ.

"ಬಾಯಾರ, ಇದು ಬಳ್ಳಾರಿ ಜಾಲಿ ಅಲ್ಲೇನ್ರಿ? ನಮ್ಮ ಕಡೆ ಇದನ್ನ ಕಡದು ಒಲಿಗೆ ಹಾಕ್ತಾರ್ರಿ. ಇದನ್ನ ತಗೊಂಡು ನಾವು ನಮಸ್ಕಾರ ಮಾಡೂದೇನ್ರಿ?"

"ಹೌದ್ರಿ" ಅಂದರು ಆಂಟಿ. "ನಮ್ಮ ಕಡೀ ಜಾಲಿ ಇದರ ತಂಗಿ ಇದ್ದಂಗ. ಬನ್ನಿ ಇದರ ದೊಡ್ಡಪ್ಪನ ಮಗಳು. ಜಾಲಿ ನಮ್ಮೂರಿಗೆ ಈ ಸೀಮೆಗಳಿಂದನ ಬಂದದ್ದು. ಅಲ್ಲಿ ಅದನ್ನ ಪರದೇಶಿ ಅಂತ ಬೈತೀರಿ. ಇಲ್ಲಿ ಇದು ಮನಿಮಗಳು, ನಾವ ಪರದೇಶಿ. ನಮಸ್ಕಾರ ಮಾಡ್ರಿ."

ಅಂಕಲ್ ಗೊಣಗಿಕೊಂಡೇ ಕೈ ಹಾಕಿದರು. ಜಾಲಿಯ ಮುಳ್ಳು ಹೆಬ್ಬೆರಳಿಗೆ ಚುಚ್ಚಿತು. ಎಲ್ಲರೂ ನಕ್ಕೆವು, ಆಮೇಲೆ ಅವರೂ ನಕ್ಕರು. ರಕ್ತ ಒರೆಸಿಕೊಂಡು ಮೊದಲ ಎಲೆ ಆಂಟಿಗೇ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಅಂದರು. ಹಸುಗಳ ಮಧ್ಯೆ ನಿಂತು ನಾವೆಲ್ಲ ಒಬ್ಬರಿಗೊಬ್ಬರು ಎಲೆ ಕೊಟ್ಟು, ಕಾಲಿಗೆ ಬಿದ್ದು, ಮೈತುಂಬ ಬಿಳಿ ಧೂಳು ಮಾಡಿಕೊಂಡೆವು. ಮೈಸೂರಿನವಳಾದ ನನಗೆ ಇದು ಹೊಸದು. ಆನೆ, ಅಂಬಾರಿ ಬಿಟ್ಟರೆ ದಸರಾ ಇಲ್ಲ ಅಂದುಕೊಂಡಿದ್ದವಳು ನಾನು. ಹೊರಡೋವಾಗ ನೋಡಿದರೆ ಆಂಟಿ ಒಬ್ಬರೇ ತಗ್ಗಿನ ಹತ್ತಿರ ಹೋಗಿ, ಒಂದು ಹಿಡಿ ಎಲೆ ನೆಲದ ಮೇಲಿಟ್ಟು ಕೈಮುಗೀತಿದ್ದರು. ಯಾರಿಗೆ ಅಂದೆ. "ಫಾರೆಸ್ಟರ್‌ಗೆ. ದೊಡ್ಡವರಲ್ಲೇನು ನಮಗ?" ಅಂದರು.

ಅದಾದ ಮೇಲೆ ಒಂದೆರಡು ವರ್ಷಕ್ಕೆ ಆ ಮುದುಕ ಜಮೀನು ಮಾರಿದ. ಅವನಿಗೂ ವಯಸ್ಸಾಗಿತ್ತು, ಮಕ್ಕಳು ಹ್ಯೂಸ್ಟನ್‌ನಲ್ಲಿದ್ದರು. ಬಿಲ್ಡರ್ ಒಬ್ಬ ತೊಗೊಂಡ, ಅಲ್ಲಿ ಮನೆಗಳು ಬರ್ತವೆ ಅಂತ ಗೊತ್ತಾಯ್ತು. ಆಂಟಿ ಅಳ್ತಾರೆ ಅಂದುಕೊಂಡೆ. ಇಲ್ಲ. "ಮಂದಿ ಎಲ್ಲ್ಯಾದ್ರೂ ಇರಬೇಕಲ್ಲ ತಂಗಿ, ಇರ್ಲಿ. ನಾವೂ ಇಂಥಾ ಮನಿಗೇ ಬಂದವ್ರು. ಗೇಟಿನ ಕಡೆ ಒಂದು ಬೋರ್ಡು ಹಾಕ್ಲಿ. ಇಲ್ಲಿ ಒಂದು ಕಾಡು ಇತ್ತು ಅಂತ. ಇಷ್ಟ ನಾ ಕೇಳೂದು" ಅಂದರು. ಆ ಒಂದು ಬೋರ್ಡು ಅವರಿಗೆ ಊಟ ನಿದ್ದೆ ಎಲ್ಲಾ ಆಗಿಹೋಯಿತು. ಬಿಲ್ಡರ್‌ಗೆ ಫೋನ್ ಮಾಡಿದರು, ಅವರಿವರನ್ನು ಕೇಳಿದರು. ಕೊನೆಗೆ ಆ ಕೌಂಟಿಯಲ್ಲಿ ಹಳೇ ಜಾಗಗಳಿಗೆ ಬೋರ್ಡು ಹಾಕಿಸೋ ಒಂದು ಕಮಿಟಿ ಇದೆ, ಅದರ ಮೀಟಿಂಗಿನಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು ಅಂತ ಗೊತ್ತಾಯಿತು. ನಾನು ಆಫೀಸಿಗೆ ರಜೆ ಹಾಕಿ ಕರೆದುಕೊಂಡು ಹೋದೆ.

ಆ ಮೀಟಿಂಗಿನ ವಿಷಯ ನೆನೆಸಿಕೊಂಡರೆ ಈಗಲೂ ನನಗೆ ಕೈಕೈ ಹಿಸುಕಿಕೊಳ್ಳೋ ಹಾಗಾಗುತ್ತೆ. ಒಬ್ಬೊಬ್ಬರಿಗೆ ಕೆಲವೇ ನಿಮಿಷ, ಮುಗಿದ ತಕ್ಷಣ ಟಣ್ ಅಂತ ಗಂಟೆ. ದಾರಿಯಲ್ಲೆಲ್ಲ ನಾನು ಹೇಳಿಕೊಟ್ಟಿದ್ದೆ, "ಆಂಟಿ, ಮೊದಲು ಕಾಡು ಅಂತ ಹೇಳಿಬಿಡಿ, ಮಿಕ್ಕಿದ್ದು ಆಮೇಲೆ." ಹೂಂ ಹೂಂ ಅಂದಿದ್ದರು. ಎದ್ದು ನಿಂತು ಸೆರಗು ಸರಿಮಾಡಿಕೊಂಡು, ಒಳ್ಳೇ ಇಂಗ್ಲಿಷಿನಲ್ಲಿ ಶುರು ಮಾಡಿದರು. ಈಗ ಈ ಜಮೀನು ಇಂಥ ಬಿಲ್ಡರ್‌ದು. ಅದಕ್ಕೂ ಮೊದಲು ನಿಮ್ಮೆಲ್ಲರಿಗೂ ಗೊತ್ತಿರೋ ಆ ಹಿರಿಯರದು. ಅದಕ್ಕೂ ಮೊದಲು ಅವರ ತಂದೆಯವರದು. ನಾನು ಕೂತಲ್ಲಿಂದಲೇ ಬೇಗ ಬೇಗ ಅಂತ ಕಣ್ಸನ್ನೆ ಮಾಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಒಂದು ಕೊಂಡಿಯನ್ನೂ ಬಿಡದೆ, ಮಿಲಿಟರಿಯವರ ತನಕ ಬಂದರು. ಗಂಟೆ ಹೊಡೀತು.

ಕಮಿಟಿಯ ಅಧ್ಯಕ್ಷೆ ಒಳ್ಳೇ ಹೆಂಗಸು. ಇನ್ನೊಂದು ನಿಮಿಷ ತೊಗೊಳ್ಳಿ ಅಂದಳು. ಆಂಟಿ ಅದರಲ್ಲಿ ಕಾಡಿನ ವಿಷಯ ಹೇಳಿದರು. ಎಲ್ಲರೂ ಕೇಳಿದರು. ಆಮೇಲೆ ಆ ಹೆಂಗಸು, ಆ ಕಾಲದ್ದು ಏನಾದರೂ ಉಳಿದಿದೆಯಾ, ಒಂದು ಗೋಡೆ, ಒಂದು ಬೇಲಿ, ಕಡೇ ಪಕ್ಷ ಒಂದು ಮರ, ಅಂತ ಕೇಳಿದಳು. ಆಂಟಿ ಇಲ್ಲ ಅಂದರು. ಸುಳ್ಳು ಹೇಳಬಹುದಿತ್ತು, ಯಾವುದೋ ಒಂದು ಓಕ್ ಮರ ತೋರಿಸಿದ್ದರೆ ಯಾರು ಹೋಗಿ ವಯಸ್ಸು ಕೇಳ್ತಿದ್ದರು? ಹೇಳಲಿಲ್ಲ. ಬೋರ್ಡು ಹಾಕಬೇಕಾದರೆ ಅಲ್ಲಿ ತೋರಿಸೋಕೆ ಏನಾದರೂ ಇರಬೇಕು, ದಯವಿಟ್ಟು ತಪ್ಪು ತಿಳಿಯಬೇಡಿ ಅಂದಳು ಅವಳು. ಕೊನೆಯಲ್ಲಿ ಕೂತಿದ್ದ ಇನ್ನೊಬ್ಬ ಸದಸ್ಯ, ಅದೂ ಅಷ್ಟು ಚಿಕ್ಕ ಕಾಡು, ಅಷ್ಟು ಕಡಿಮೆ ಕಾಲ ಇದ್ದದ್ದು, ಲೆಕ್ಕಕ್ಕೆ ಬರೋಂಥದ್ದಲ್ಲ ಅಂದ. ಕೆಟ್ಟದಾಗಿ ಅಂದಿದ್ದಲ್ಲ. ಆಂಟಿ ಅವನನ್ನೇ ನೋಡ್ತಾ, ಕನ್ನಡದಲ್ಲಿ, "ಯಾರ ಲೆಕ್ಕಕ್ಕ?" ಅಂದು ಕೂತುಬಿಟ್ಟರು.

ಕಾರಿನಲ್ಲಿ ಕೂತ ಮೇಲೆ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಎಷ್ಟು ಸಲ ಹೇಳಿದ್ದೆ ಆಂಟಿ, ಮೊದಲಿಂದ ಹೇಳಿ ಅಂತ. ಕಾಡು ಬರೋ ಹೊತ್ತಿಗೆ ಗಂಟೆ ಹೊಡೆದೇ ಹೋಯ್ತು" ಅಂದೆ.

"ಮೊದಲಿನಿಂದ ಹೇಳಲಿಕ್ಕೆ ನನಗ ಆಗೂದಿಲ್ಲ" ಅಂದರು.

"ಯಾಕಾಗಲ್ಲ? ಅಭ್ಯಾಸ ತಪ್ಪಿದೆ ಅಷ್ಟೆ."

ಹೈವೇಗೆ ಬಂದಮೇಲೆ ಹೇಳಿದರು. "ಮೊದಲಿನಿಂದ ಹೇಳಿದ್ರ ಕೊನೀಗೆ ಏನು ಬರ್ತದ ಗೊತ್ತದಲ್ಲ ತಂಗಿ ನಿನಗ? ಹಿಂದಿನಿಂದ ಹೇಳಿದ್ರ ಹಂಗಲ್ಲ. ಆಕಿ ಮೊದಲ ಹೋಗಿಬಿಡ್ತಾಳ. ಅದು ಮುಗದ ಹೋತು. ಆಮ್ಯಾಲೆ ದವಾಖಾನಿ. ಆಮ್ಯಾಲೆ ಜ್ವರಾ ಬಿಡ್ತದ, ಆರಾಮ ಆಗ್ತಾಳ, ಸಾಲಿಗಿ ಹೋಗ್ತಾಳ, ಎರಡು ಜಡಿ ಹಾಕಿಸ್ಕೊಂಡು. ಆಮ್ಯಾಲೆ ನಡೀಲಿಕ್ಕೆ ಕಲೀತಾಳ. ಆಮ್ಯಾಲೆ ನನ್ನ ತೊಡಿ ಮ್ಯಾಲೆ ಇಷ್ಟ ಇರ್ತಾಳ." ಅಂಗೈ ಅಗಲಿಸಿ ತೋರಿಸಿದರು. "ದಿನಾ ರಾತ್ರಿ ಮಲಗೂ ಮುಂದ ನಾ ಹಂಗ ಹೇಳ್ಕೊಂಡ ಮಲಗೂದು. ಇಲ್ಲಂದ್ರ ನಿದ್ದಿ ಬರೂದಿಲ್ಲ."

ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಅತ್ತೆ. ಅವರೇ ನನಗೆ ನೀರು ಕೊಟ್ಟರು. "ನಂದೂ ಏನೂ ಉಳದಿಲ್ಲ, ಆ ಕಾಡಿಂದೂ ಏನೂ ಉಳದಿಲ್ಲ. ತೋರಸ್ರಿ ಅಂದ್ರ ನಾ ಎಲ್ಲಿಂದ ತರಲಿ?" ಅಂದರು. ಅವರ ಕಣ್ಣಲ್ಲಿ ನೀರಿರಲಿಲ್ಲ.

ಆಮೇಲೆ ಅವರು ಬೋರ್ಡಿನ ಮಾತು ಎತ್ತಲಿಲ್ಲ. ಪೂಜೆಗಳಲ್ಲೂ ಕಾಡಿನ ಮಾತು ಕಡಿಮೆಯಾಯಿತು. ಜನ, ಆಂಟಿ ಈಗ ಸರಿಹೋದರು ಅಂದರು. ನನಗೆ ಅವರು ಗೇಲಿ ಮಾಡಿಸಿಕೊಳ್ತಿದ್ದ ಕಾಲವೇ ಚೆನ್ನಾಗಿತ್ತು. ತಂಗಿಯ ಮಗಳಿಗೆ ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿ ಅವಳು ಇವರನ್ನೂ ಕರೆದುಕೊಂಡು ಹೋದಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥ ಆಗುತ್ತೆ, ಮಾತಾಡೋದು ಇಂಗ್ಲಿಷು. ಆದರೆ ಮೌಶಿ, ಅಂದರೆ ಈ ದೊಡ್ಡಮ್ಮ, ಅವಳಿಗೆ ಪ್ರಾಣ. ಕೆಳಮನೆಗೆ ಬೇರೆ ಯಾರೋ ಬಂದರು. ಸಂಜೆ ಮೇಲ್‌ಬಾಕ್ಸ್ ಹತ್ತಿರ ಹೋದಾಗ ಒಂಥರಾ ಖಾಲಿ ಖಾಲಿ. ನನ್ನಂಥ ಒರಟಿಗೂ ಅಷ್ಟು ಹಂಬಲ ಆಗಬಹುದು ಅಂತ ಆಗಲೇ ಗೊತ್ತಾಗಿದ್ದು.

ಈ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಮಾತು ತೊದಲಾಯಿತು. ಒಂದು ಶನಿವಾರ ನಾನು ನೋಡೋಕೆ ಹೋದೆ. ದಾರಿಯಲ್ಲಿ ಆ ಜಾಗದ ಹತ್ತಿರ ತಿರುಗಬೇಕಾ ಬೇಡವಾ ಅಂತ ಯೋಚನೆ ಮಾಡಿ, ತಿರುಗದೆ ನೇರ ಹೋದೆ. ಹೋಗಿ ಏನಂತ ಹೇಳಲಿ ಅವರಿಗೆ? ಆಸ್ಟಿನ್ ತಲುಪಿದಾಗ ಮಧ್ಯಾಹ್ನ. ಕಿಟಕಿ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ತೆಳ್ಳಗಾಗಿದ್ದರು. ತಂಗಿಯ ಮಗಳು ಅವರ ಕೂದಲು ಬಾಚಿ, ನನಗೆ ಚಹಾ ಮಾಡೋಕೆ ಅಂತ ಒಳಗೆ ಹೋದಳು.

ನಾನು ಅಪಾರ್ಟ್‌ಮೆಂಟಿನ ಸುದ್ದಿ ಹೇಳಿದೆ, ಯೂಲೆಸ್ ಅಂಕಲ್ ನಿಮ್ಮನ್ನ ಕೇಳಿದರು ಅಂದೆ. ಆಂಟಿ ಕೇಳಿಸಿಕೊಂಡರು. ಆಮೇಲೆ ನನ್ನ ಮಣಿಕಟ್ಟು ಹಿಡಿದು, ಒಂದೊಂದೇ ಅಕ್ಷರ ಹೊರಳಿಸಿ, "ಕಾಡಿಂದು ಹೇಳು" ಅಂದರು.

"ನಾನಾ? ನನಗೇನ್ ಬರುತ್ತೆ ಆಂಟಿ?"

"ಹೇಳು."

ನಾನು ಅವರ ಹಾಗೇ ಶುರು ಮಾಡಿದೆ, ಈಗ ಬಿಲ್ಡರ್‌ದು ಅಂತ. ಅವರು ಬೇಡ ಅನ್ನೋ ಹಾಗೆ ತಲೆ ಅಲ್ಲಾಡಿಸಿದರು. "ಮೊದಲಿನಿಂದ" ಅಂದರು.

ನನಗೆ ಹೆದರಿಕೆ ಆಯಿತು. ಅವರಿಗೆ ನೆನಪು ಹೋಗಿದೆಯೋ, ಬೇಕಂತಲೇ ಕೇಳ್ತಿದ್ದಾರೋ ತಿಳಿಯಲಿಲ್ಲ. ಮುಖ ನೋಡಿದರೆ ಎಲ್ಲಾ ಗೊತ್ತಿರೋ ಮುಖವೇ. ಹೇಳೋಕೆ ಹೊರಟೆ. ಮೊದಲು ಬರೀ ಹುಲ್ಲಿತ್ತು ಅಂದೆ, ಬಿಳಿ ಕಲ್ಲಿತ್ತು. ಆಮೇಲೆ ರೈತರು ಬಂದರು, ಬೇಲಿ ಹಾಕಿದರು. ಆಮೇಲೆ ಯುದ್ಧ ಬಂತು, ಮಿಲಿಟರಿಯವರು ಬಂದರು, ಯುದ್ಧ ಮುಗೀತು, ಹೋದರು. ಜಾಗ ಖಾಲಿ ಬಿತ್ತು. ಒಂದು ದಿನ ಆರ್ಡರ್ ಆಯ್ತು ಆಂಟಿ, ಇನ್ನುಮೇಲೆ ಇದು ಕಾಡು ಅಂತ. ಅವರು ಕಣ್ಣು ಮುಚ್ಚಿಕೊಂಡರು. ಫಾರೆಸ್ಟರ್ ಬಂದ ಅಂದೆ. ತಗಡಿನ ಗುಡಿಸಲು ಕಟ್ಟಿದ. ತಗ್ಗಿನಲ್ಲಿ ಸಸಿ ಹಾಕಿದ. ಬೆಳಗಾಗೆದ್ದು ಬಕೆಟ್ಟಿನಲ್ಲಿ ನೀರು ತೊಗೊಂಡು ಹೋಗ್ತಿದ್ದ, ಒಂದೊಂದು ಸಸಿಗೂ ನಿಂತು ನೀರು ಹಾಕ್ತಿದ್ದ. ಬಕೆಟ್ಟು ನಾನು ಸೇರಿಸಿದ್ದು, ಅವರು ಯಾವತ್ತೂ ಹೇಳಿರಲಿಲ್ಲ. ಅಂತೆ ಬ್ಯಾಡ ಅಂತ ಬೈತಾರೆ ಅಂದುಕೊಂಡೆ. ಬೈಯಲಿಲ್ಲ. ಹಾಗಾಗಿ ಇನ್ನೂ ಸೇರಿಸಿದೆ. ಎಳೇ ಚಿಗುರು ಬಂತು, ಅದಕ್ಕೆ ಬಿಸಿಲು ಬೀಳಬಾರದು ಅಂತ ಗೋಣಿತಾಟು ಕಟ್ಟಿದ, ಜಿಂಕೆ ತಿನ್ನದ ಹಾಗೆ ಕಾದ, ಸಸಿ ಮೊಣಕಾಲುದ್ದ ಬಂತು.

ಮುಂದೆ ಇದ್ದದ್ದು ಎರಡನೇ ಆರ್ಡರು. "ಆಮೇಲೆ..." ಅಂದೆ.

ಅವರ ಕೈ ನನ್ನ ಮಣಿಕಟ್ಟನ್ನು ಒತ್ತಿತು. "ಸಾಕು" ಅಂದರು. "ಇಲ್ಲೇ ಇರೂಣ."

ನಾನು ಅಲ್ಲಿಗೇ ನಿಲ್ಲಿಸಿ ಅವರ ಕೈ ಹಿಡಿದುಕೊಂಡು ಕೂತೆ. ತಂಗಿಯ ಮಗಳು ಚಹಾ ತೊಗೊಂಡು ಬಂದು, ನಾವಿಬ್ಬರೂ ಹೀಗೆ ಸುಮ್ಮನೆ ಕೂತಿರೋದನ್ನು ನೋಡಿ, ಅವಳ ಅರ್ಧಂಬರ್ಧ ಕನ್ನಡದಲ್ಲಿ, "ಏನು ನಡೀತಾ ಇದೆ ಮೌಶಿ ಇಲ್ಲಿ?" ಅಂತ ಕೇಳಿದಳು.

ಆಂಟಿ ಕಣ್ಣು ತೆರೆಯಲಿಲ್ಲ. "ಸಸಿಗೆ ನೀರು ಹಾಕ್ಲಿಕ್ಕತ್ತಾರ" ಅಂದರು.